ಎಂಟನೇ ದಿನದ ಸ್ಲೈಡ್

ಲ್ಯಾಬ್ ಸೇರಿ ಮೂರು ತಿಂಗಳಾಗಿತ್ತು. ಆವತ್ತಿನ ನನ್ನ ಕೆಲಸ ಎಣಿಸೋದು, ಅಷ್ಟೇ. ಬೆನ್ನುಹುರಿಗೆ ಪೆಟ್ಟು ಬಿದ್ದ ಇಲಿಗಳ ಸ್ಲೈಡುಗಳಿದ್ದವು. ಬೆನ್ನುಹುರಿಯನ್ನು ಉದ್ದುದ್ದಕ್ಕೆ ಸೀಳಿ ಟನೆಲ್ ಸ್ಟೇನ್ ಅನ್ನೋ ಬಣ್ಣ ಹಾಕಿದ್ದೆವು. ಸಾಯುತ್ತಿರುವ ಕೋಶದ ನ್ಯೂಕ್ಲಿಯಸ್ ಕಂದು, ಉಳಿದವು ತಿಳಿ ಹಸಿರು. ಕಂದು ಕಂಡರೆ ಕೌಂಟರ್ ಒತ್ತಬೇಕು.

ಪೆಟ್ಟಾದ ಮೊದಲ ದಿನದ ಸ್ಲೈಡಿನಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ. ನಡುವೆ ರಕ್ತ ಸೋರಿದ ಗಾಯ, ಊದಿ ಒಡೆದ ನರಕೋಶಗಳು, ರಕ್ತನಾಳದಿಂದ ನುಗ್ಗಿ ಬಂದ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳ ಗುಂಪು. ಪೆಟ್ಟು ತಿಂದ ಜಾಗ ಹೀಗೇ ಇರಬೇಕು ಅನ್ನಿಸಿತು.

ಎಂಟನೇ ದಿನದ್ದು ಬೇರೆ. ನ್ಯೂಟ್ರೋಫಿಲ್‌ಗಳು ಹೆಚ್ಚೂಕಡಿಮೆ ಇಲ್ಲ. ಅವುಗಳ ಜಾಗದಲ್ಲಿ ಕಸ ನುಂಗುವ ಕೋಶಗಳಾದ ಮ್ಯಾಕ್ರೋಫೇಜ್‌ಗಳು, ನರದ ಎಳೆಗಳ ಹೊದಿಕೆಯಾದ ಮಯಲಿನ್ ಚೂರು ತಿಂದು ತಿಂದು ನೊರೆಯ ಹಾಗೆ ಉಬ್ಬಿದವು. ಗಾಯದ ಸುತ್ತ ಎಣಿಸಿ, ಸಂಖ್ಯೆ ಬರೆದು ಎದ್ದೆ.

ಮೇಡಂ ನೋಡಿ, "ಗಾಯದಲ್ಲೇ ಯಾಕಮ್ಮಾ ನಿಂತೆ? ಸ್ಲೈಡ್ ಸರಿಸು" ಅಂದರು.

ಸರಿಸಿದೆ. ಪೆಟ್ಟಿನಿಂದ ಎಷ್ಟೋ ದೂರದ, ನರದ ಎಳೆಗಳು ಓಡುವ ಬಿಳಿ ಭಾಗ. ನೋಡೋಕೆ ಎಲ್ಲ ಚೆನ್ನಾಗಿದೆ. ಎಳೆಗಳ ನಡುವೆ, ಮಯಲಿನ್ ಹೊದಿಸುವ ಕೋಶಗಳಾದ ಆಲಿಗೋಡೆಂಡ್ರೊಸೈಟ್‌ಗಳು ಪೋಣಿಸಿದ ಮಣಿಗಳಂತೆ ಸಾಲಾಗಿ ಕೂತಿದ್ದವು. ಆ ಸಾಲಿನಲ್ಲಿ ಒಂದು ಕಂದು. ಮತ್ತೆ ನಾಲ್ಕು ಹಸಿರು, ಆಮೇಲೆ ಇನ್ನೊಂದು ಕಂದು, ಮೂರು ಚೂರಾಗಿ ಮುದುರಿದ್ದು. ಇವಕ್ಕೆ ಪೆಟ್ಟು ತಾಗಿಯೇ ಇರಲಿಲ್ಲ! ನಡುವಿನ ಕೋಶಗಳ ಹಾಗೆ ಒಡೆದು ಚೆಲ್ಲಿರಲೂ ಇಲ್ಲ. ಒಳಗಿನಿಂದಲೇ ತಮ್ಮನ್ನು ತಾವು ಮುಗಿಸಿಕೊಂಡಿದ್ದವು. ತುಂಡಾದ ನರದ ಎಳೆ ಕೊಳೆಯುತ್ತಾ ಹೋದಂತೆ ಅದನ್ನೇ ನಂಬಿದ್ದ ಈ ಕೋಶಗಳೂ ಸಾಯುತ್ತವೆ. ಉರಿಯೂತದ ರಾಸಾಯನಿಕಗಳೂ ಜೊತೆಗೆ ಸೇರುತ್ತವೆ. ಒಂದೊಂದು ಕೋಶವೂ ಹತ್ತಾರು ಎಳೆಗಳಿಗೆ ಮಯಲಿನ್ ಹೊದಿಸಿರುತ್ತದೆ. ಅದು ಹೋದರೆ ಪೆಟ್ಟಿನಿಂದ ಪಾರಾದ ಎಳೆಗಳ ಹೊದಿಕೆಯೂ ಹೋಯಿತು.

ಹಾಗಂತ ಉರಿಯೂತವನ್ನೇ ಬೈಯೋಕೆ ನನಗೆ ಮನಸ್ಸಿಲ್ಲ. ಆ ನೊರೆ ಕೋಶಗಳು ಕಸ ತೆಗೆಯದಿದ್ದರೆ ಎಳೆಗಳು ಮತ್ತೆ ಬೆಳೆಯೋದು ಇನ್ನೂ ಕಷ್ಟ. 1990ರಲ್ಲಿ, ಪೆಟ್ಟಾದ 8 ಗಂಟೆಯೊಳಗೆ ಉರಿಯೂತ ತಗ್ಗಿಸುವ ಸ್ಟಿರಾಯ್ಡ್ ಆದ ಮೀಥೈಲ್‌ಪ್ರೆಡ್ನಿಸೊಲೋನ್ ಜಾಸ್ತಿ ಪ್ರಮಾಣದಲ್ಲಿ ಕೊಟ್ಟರೆ ಲಾಭವಿದೆ ಅನ್ನೋ ಫಲಿತಾಂಶ ಬಂದಾಗ ಎಲ್ಲರಿಗೂ ಎಷ್ಟು ಆಸೆ ಹುಟ್ಟಿತ್ತು! ಆಮೇಲೆ ಸೋಂಕಿನಂಥ ತೊಂದರೆಗಳು ಕಂಡು, ಲಾಭದ ಬಗ್ಗೆಯೇ ಪ್ರಶ್ನೆಗಳೆದ್ದು, ಈಗ ಅದನ್ನು ಎಲ್ಲರಿಗೂ ಕಣ್ಣು ಮುಚ್ಚಿ ಕೊಡುವುದಿಲ್ಲ.

ನಮ್ಮ ಚಿಕ್ಕಪ್ಪ ಏಣಿಯಿಂದ ಬಿದ್ದಾಗ, ಆಪರೇಷನ್ ಮುಗಿದ ವಾರಕ್ಕೆ "ಆಗೋದೆಲ್ಲ ಆಗಿಹೋಯ್ತು ಬಿಡಿ" ಅಂತ ಚಿಕ್ಕಮ್ಮನಿಗೆ ಸಮಾಧಾನ ಹೇಳಿದ್ದು ನಾನೇ. ಇಲಿಯ ಎಂಟನೇ ದಿನವೂ ಮನುಷ್ಯನ ಎಂಟನೇ ದಿನವೂ ಒಂದೇ ಅಲ್ಲ, ಸರಿ. ಆದರೆ ಮನುಷ್ಯರ ಬೆನ್ನುಹುರಿಯಲ್ಲೂ ಈ ಸಾವು ವಾರಗಟ್ಟಲೆ ನಡೆಯೋದನ್ನು ನೋಡಿದ್ದಾರೆ. ನಾನು ಹಾಗೆ ಹೇಳುವಾಗ ಚಿಕ್ಕಪ್ಪ ದಿಂಬಿಗೆ ಒರಗಿ ಟೀವಿ ನೋಡ್ತಾ ನಗುತ್ತಿದ್ದರು.

ಬರೆದಿದ್ದ ಸಂಖ್ಯೆಗೆ ಗೀಟು ಹಾಕಿದೆ. ಕೌಂಟರನ್ನು ಸೊನ್ನೆಗೆ ತಂದು, ಸ್ಲೈಡಿನ ಆ ತುದಿಯಿಂದ ಮತ್ತೆ ಎಣಿಸತೊಡಗಿದೆ.