ಲೇಸರ್ ಹಾಯಿಸಿ ಸಿಡಿಲಿನ ದಾರಿ ತಿರುಗಿಸಬಹುದಾ?

ಧಾರವಾಡದಲ್ಲಿ ಫಿಸಿಕ್ಸ್ ಪಾಠ ಹೇಳುವವನಿಗೆ ಬೇಸಿಗೆಯ ಕೊನೆಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಅಡ್ಡಮಳೆ ಶುರುವಾಗಿ, ಗದಗ, ಹಾವೇರಿ ಕಡೆ ಹೊಲದಲ್ಲಿ ಸಿಡಿಲು ಬಡಿದ ಸುದ್ದಿ ಬಂತೆಂದರೆ ಯಾರಾದರೂ ಕೇಳುತ್ತಾರೆ: "ಸರ, ಲೇಸರ್ ಬಿಟ್ಟು ಸಿಡಿಲು ತಿರುಗಸ್ತಾರಂತಲ್ರಿ, ಖರೇ ಏನ್ರಿ?"

ಖರೇ. ಆದರೆ ನನಗೆ ಸಿಡಿಲಿಗಿಂತ ಅಲ್ಲಿ ಗಾಳಿ ಮಾಡುವ ಕೆಲಸವೇ ಜಾಸ್ತಿ ಸೋಜಿಗ.

ಬೆಳಕು ದೂರ ಹೋದಷ್ಟೂ ಹರಡುತ್ತದೆ, ಲೇಸರ್ ಕೂಡ. ಈಗ ಒಂದು ಮಿಲಿಜೌಲ್ ಶಕ್ತಿ ತಗೊಳ್ಳಿ. ಐದಾರು ಕಡಲೆಕಾಳನ್ನು ಅರ್ಧ ಗೇಣು ಎತ್ತುವುದಕ್ಕೆ ಸಾಕಾಗುವಷ್ಟು, ಅಷ್ಟೇ. ಅದನ್ನೇ 100 ಫೆಮ್ಟೊಸೆಕೆಂಡಿನಲ್ಲಿ, ಅಂದರೆ ಒಂದು ಸೆಕೆಂಡನ್ನು ಹತ್ತು ಲಕ್ಷ ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲಿನಲ್ಲಿ, ಬಿಟ್ಟರೆ 1,000 ಕೋಟಿ ವ್ಯಾಟ್!

ಇಂಥ ಬೆಳಕು ಹಾಯುವಾಗ ಗಾಳಿ ಸುಮ್ನೆ ಇರುವುದಿಲ್ಲ. ಬೆಳಕು ಜೋರಾಗಿರುವ ನಡುಭಾಗದಲ್ಲಿ ಗಾಳಿಯ ವಕ್ರೀಭವನಾಂಕ, ಅಂದರೆ ಬೆಳಕಿನ ವೇಗ ತಗ್ಗಿಸುವ ಗುಣ, ತುಸು ಏರುತ್ತದೆ. ನಡುವಿನ ಬೆಳಕು ಕೊಂಚ ಹಿಂದೆ ಬೀಳುತ್ತದೆ, ಅಂಚಿನದು ಒಳಕ್ಕೆ ಬಾಗುತ್ತದೆ. ಗಾಳಿಯೇ ಲೆನ್ಸ್ ಆಯಿತು. ಇದು ಕೆರ್ ಪರಿಣಾಮ. ಹೀಗೇ ಕುಗ್ಗುತ್ತ ಹೋದರೆ ಒಂದು ಚುಕ್ಕೆಯಾಗಿ ಮುಗಿಯಬೇಕಲ್ವಾ? ಇಲ್ಲ. ಬೆಳಕು ಒತ್ತೊತ್ತಾದಂತೆ ಆಕ್ಸಿಜನ್, ನೈಟ್ರೋಜನ್ ಅಣುಗಳಿಂದ ಎಲೆಕ್ಟ್ರಾನ್‌ಗಳು ಕಿತ್ತು ಬರುತ್ತವೆ. ಹಾಗೆ ಹುಟ್ಟಿದ ಪ್ಲಾಸ್ಮಾ, ಅಂದರೆ ಬಿಡಿ ಎಲೆಕ್ಟ್ರಾನ್‌ಗಳಿರುವ ಗಾಳಿ, ಬೆಳಕನ್ನು ಮತ್ತೆ ಹೊರಕ್ಕೆ ಚದುರಿಸುತ್ತದೆ. ಎಳೆತ, ತಳ್ಳಾಟ ಎರಡೂ ಸಮ ಬಿದ್ದಲ್ಲಿ ಸುಮಾರು 100 ಮೈಕ್ರಾನ್ (ಮಿಲಿಮೀಟರಿನ ಹತ್ತನೇ ಒಂದು ಪಾಲು) ದಪ್ಪದ ಎಳೆ ನಿಲ್ಲುತ್ತದೆ. ಅದೇ ಫಿಲಮೆಂಟ್. 1995ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಭೌತವಿಜ್ಞಾನಿ ಜೆರಾರ್ ಮುರು ಅವರ ತಂಡ ಇಂಥ ಎಳೆಗಳು 20 ಮೀಟರ್‌ನಷ್ಟು ದೂರ ಹೋಗುವುದನ್ನು ಕಂಡಿತು. ಸಣ್ಣ ನೀರಹನಿ ಅಡ್ಡ ಬಂದರೂ ಎಳೆ ಪೂರ್ತಿ ಹರಿಯುವುದಿಲ್ಲ. ಶಕ್ತಿಯ ದೊಡ್ಡ ಪಾಲು ಅದರ ಸುತ್ತಲಿನ ಮಂದ ಬೆಳಕಿನಲ್ಲೇ ಇರುತ್ತದೆ, ಅದು ಒಳಬಂದು ಹನಿಯ ಆಚೆ ಮತ್ತೆ ಎಳೆ ಕಟ್ಟುತ್ತದೆ. ಇದನ್ನು ಹೇಳಿದಾಗ ಹುಡುಗರು ನಂಬುವುದೇ ಇಲ್ಲ.

ಎಳೆ ಹಾದ ಕಡೆ ಗಾಳಿ ಕಾದು ತೆಳುವಾಗುತ್ತದೆ. ಅಲ್ಲಿ ಕರೆಂಟ್ ಹರಿಯುವುದು ಸಲೀಸು. 2021ರ ಬೇಸಿಗೆಯಲ್ಲಿ ಸ್ವಿಟ್ಜರ್ಲೆಂಡಿನ ಸ್ಯಾಂಟಿಸ್ ಬೆಟ್ಟದ ಮೇಲೆ, 124 ಮೀಟರ್ ಗೋಪುರದ ಪಕ್ಕದಿಂದ ಸೆಕೆಂಡಿಗೆ 1,000 ಸಲ ಲೇಸರ್ ಬಿಟ್ಟರು. ಸಿಡಿಲು ಸುಮಾರು 50 ಮೀಟರ್ ಅದರ ದಾರಿಯಲ್ಲೇ ಸಾಗಿತು.

ಆಮೇಲಿನ ಪ್ರಶ್ನೆ ನನಗೆ ಗೊತ್ತೇ ಇರುತ್ತದೆ: "ನಮ್ಮ ಹೊಲಕ್ಕೊಂದು ಹಾಕಸಬಹುದೇನ್ರಿ?" ಆ ಲೇಸರ್ ಯಂತ್ರದ ತೂಕ ಮೂರು ಟನ್‌ಗಿಂತ ಹೆಚ್ಚು. ಜೊತೆಗೆ, ಸಿಡಿಲನ್ನು ನೆಲಕ್ಕಿಳಿಸಿದ್ದು ಲೇಸರ್ ಅಲ್ಲ, ಆ ಗೋಪುರ. ಬಟಾಬಯಲಿನ ಎರೆಹೊಲದಲ್ಲಿ ಮೊದಲು ಗೋಪುರವನ್ನೇ ಕಟ್ಟಬೇಕಾಗುತ್ತದೆ.