ಸಿಮ್ಯುಲೇಷನ್ ಇನ್‌ಪುಟ್ ಫೈಲಿಗೆ ತಕ್ಕಂತೆ ಎಡಿಟರ್ ಹೊಂದಿಸುವುದು

ಪ್ರೋಗ್ರಾಂ ಬರೆಯುವವರಿಗೆಂದು ಹದಗೊಳಿಸಿದ ಎಡಿಟರ್‌ನಲ್ಲಿ ಸಿಮ್ಯುಲೇಷನ್ ಇನ್‌ಪುಟ್ ಫೈಲ್ (ಲೆಕ್ಕಾಚಾರಕ್ಕೆ ಬೇಕಾದ ಸೂಚನೆ, ಸಂಖ್ಯೆಗಳನ್ನು ಬರೆದಿಡುವ ಪಠ್ಯ ಫೈಲ್) ತೆರೆದರೆ ಅದು ಮಾಡುವ ಉಪಕಾರವೇ ಎಷ್ಟೋ ಸಲ ಉಪದ್ರವ. ಕೋಡಿನಲ್ಲಿ ಒಂದು ಅಕ್ಷರ ತಪ್ಪಿದರೆ ಅದನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್ ಕೂಗಿ ಹೇಳುತ್ತದೆ. ಇನ್‌ಪುಟ್ ಫೈಲಿನ ವಿಷಯದಲ್ಲಿ ಆ ಭರವಸೆ ಇಲ್ಲ. ವಸ್ತುಗಳ ಎಲೆಕ್ಟ್ರಾನ್ ರಚನೆ ಲೆಕ್ಕ ಹಾಕುವ ವಾಸ್ಪ್ ಪ್ರೋಗ್ರಾಂನ ಸೂಚನೆಗಳ ಫೈಲು ಇನ್‌ಕಾರ್. ಅದರಲ್ಲಿ ಕಟಾಫ್ ಶಕ್ತಿಯನ್ನು ಹೇಳುವ ಎನ್‌ಕಟ್ ಎಂಬ ಹೆಸರಿಗೆ ಒಂದು ಅಕ್ಷರ ಹೆಚ್ಚಾಗಿ ಸೇರಿತೆನ್ನಿ. ಬಳಕೆಯಲ್ಲಿರುವ ಬಹಳಷ್ಟು ಆವೃತ್ತಿಗಳು ಆ ಸಾಲನ್ನು ಸದ್ದಿಲ್ಲದೆ ಬಿಟ್ಟು, ಪೊಟ್‌ಕಾರ್ ಎಂಬ ಪರಮಾಣು ವಿಭವಗಳ ಫೈಲಿನಲ್ಲಿರುವ ಎನ್‌ಮ್ಯಾಕ್ಸ್ (ಪ್ರತಿ ಧಾತುವಿಗೆ ಸೂಚಿಸಿದ ಕಟಾಫ್) ಬೆಲೆಗಳಲ್ಲಿ ದೊಡ್ಡದನ್ನು ತಾವೇ ಹಿಡಿದು ಲೆಕ್ಕ ಮುಗಿಸುತ್ತವೆ. ಉತ್ತರ ಬರುತ್ತದೆ, ನೋಡಲು ಸರಿಯಾಗಿಯೇ ಇರುತ್ತದೆ; ನೀವು ಕೇಳಿದ ಕಟಾಫ್‌ನಲ್ಲಿ ಮಾತ್ರ ಆಗಿರುವುದಿಲ್ಲ. ಕಂಪೈಲರ್ ಮಾಡುವ ಕೂಗಾಟವನ್ನು ಇಲ್ಲಿ ಎಡಿಟರ್‌ಗೇ ವಹಿಸಬೇಕು. ಕೆಳಗಿನ ವಿವರಗಳು ವಿಮ್ ಮತ್ತು ವಿಎಸ್ ಕೋಡ್ ಎಂಬ ಎರಡು ಎಡಿಟರ್‌ಗಳಿಗೂ.

ಮೊದಲು ಆಫ್ ಮಾಡಬೇಕಾದವು. ವಿಎಸ್ ಕೋಡ್‌ನಲ್ಲಿ 'ಟ್ರಿಮ್ ಫೈನಲ್ ನ್ಯೂಲೈನ್ಸ್' ಎಂಬ ಆಯ್ಕೆ ಫೈಲಿನ ಕೊನೆಯ ಖಾಲಿ ಸಾಲುಗಳನ್ನು ಸೇವ್ ಮಾಡುವಾಗ ಅಳಿಸುತ್ತದೆ. ಕೋಡಿಗೆ ಅದು ಶಿಸ್ತು, ಅಣುಗಳ ಲೆಕ್ಕ ಮಾಡುವ ಗಾಸಿಯನ್ ಪ್ರೋಗ್ರಾಂನ ಇನ್‌ಪುಟ್‌ಗೆ ಕುತ್ತು: ಅಲ್ಲಿ ಪ್ರತಿ ವಿಭಾಗವೂ ಖಾಲಿ ಸಾಲಿನಿಂದಲೇ ಮುಗಿಯಬೇಕು, ಅಣುವಿನ ನಿರ್ದೇಶಾಂಕಗಳ ನಂತರವೂ. ಆಟೋ ಇಂಡೆಂಟ್ ಇನ್ನೂ ಸೂಕ್ಷ್ಮವಾಗಿ ಕೆಡಿಸುತ್ತದೆ. ವಿಕಿರಣ ಕಣಗಳ ಚಲನೆ ಲೆಕ್ಕ ಹಾಕುವ ಎಂಸಿಎನ್‌ಪಿಯಲ್ಲಿ ಸಾಲಿನ ಮೊದಲ ಐದು ಕಾಲಂ ಖಾಲಿ ಇದ್ದರೆ ಆ ಸಾಲು ಹಿಂದಿನ ಸಾಲಿನ ಮುಂದುವರಿಕೆ ಎಂದರ್ಥ. ಮುಂದುವರಿಕೆಯ ಸಾಲೊಂದನ್ನು ಬರೆದು ಎಂಟರ್ ಒತ್ತಿದರೆ ಎಡಿಟರ್ ಅದೇ ಐದು ಸ್ಪೇಸ್‌ಗಳನ್ನು ಕೆಳಗೂ ಇಡುತ್ತದೆ. ಹೊಸ ಕಾರ್ಡ್ (ಅಲ್ಲಿ ಒಂದು ಸೂಚನೆಯ ಹೆಸರು) ಎಂದುಕೊಂಡು ಬರೆದದ್ದು ಹಳೆಯ ಕಾರ್ಡಿನ ಬಾಲವಾಗುತ್ತದೆ. ಕ್ವಾಂಟಮ್ ರಸಾಯನಶಾಸ್ತ್ರದ ಗೇಮೆಸ್‌ನಲ್ಲಿ ಸೂಚನೆಗಳ ಗುಂಪಿನ ಹೆಸರಿಗೆ ಮುಂಚಿನ $ ಗುರುತು ಎರಡನೇ ಕಾಲಂನಲ್ಲೇ ಇರಬೇಕು. ಸಾಲುಗಳನ್ನು ಎಡಕ್ಕೆ ಒತ್ತಿ 'ಚೊಕ್ಕ' ಮಾಡುವ ಯಾವ ಫಾರ್ಮ್ಯಾಟರ್ ಕೂಡ ಈ ಫೈಲುಗಳ ಹತ್ತಿರ ಸುಳಿಯಬಾರದು.

ವಿಎಸ್ ಕೋಡ್‌ನಲ್ಲಿ ಇನ್ನೊಂದು ಕಣ್ಣುತಪ್ಪಿಸುವ ಅಪಾಯವಿದೆ. ಪದ ಟೈಪ್ ಮಾಡುತ್ತಿದ್ದಂತೆ ಸಲಹೆಗಳ ಪಟ್ಟಿ ತೆರೆದುಕೊಂಡು, ಸಾಲು ಮುಗಿಸಲು ಒತ್ತಿದ ಎಂಟರ್ ಸಲಹೆಯ ಒಪ್ಪಿಗೆಯಾಗಿಬಿಡುತ್ತದೆ. ಆ ಪದ ತೆರೆದಿಟ್ಟ ಬೇರೆ ಫೈಲಿನದೂ ಆಗಿರಬಹುದು. 'ಆಕ್ಸೆಪ್ಟ್ ಸಜೆಷನ್ ಆನ್ ಎಂಟರ್' ಆಫ್ ಮಾಡಿ, ಟ್ಯಾಬ್ ಒತ್ತಿದಾಗ ಮಾತ್ರ ಸಲಹೆ ಸೇರುವಂತಿರಲಿ. ಜೊತೆಗೆ 'ಡಿಟೆಕ್ಟ್ ಇಂಡೆಂಟೇಷನ್' ಕೂಡ ಆಫ್ ಆಗಬೇಕು. ಅದು ಆನ್ ಇದ್ದರೆ, ಟ್ಯಾಬ್ ಬದಲು ಸ್ಪೇಸ್ ಹಾಕು ಎಂದು ನೀವು ಹೇಳಿದ್ದರೂ, ಫೈಲಿನಲ್ಲಿ ಮೊದಲೇ ಟ್ಯಾಬ್ ಕಂಡರೆ ಎಡಿಟರ್ ನಿಮ್ಮ ಮಾತನ್ನು ಬದಿಗಿಡುತ್ತದೆ.

ಕಾಲಂ ಲೆಕ್ಕದ ಫೈಲುಗಳಿಗೆ ಗೆರೆ ಎಳೆದುಕೊಳ್ಳದೆ ಕೈ ಹಚ್ಚಬೇಡಿ. ಅಣುರಚನೆ ಬರೆದಿಡುವ ಪಿಡಿಬಿ ಫೈಲಿನಲ್ಲಿ ಪರಮಾಣುವಿನ ಮೂರು ನಿರ್ದೇಶಾಂಕಗಳು 31-38, 39-46, 47-54 ಕಾಲಂಗಳಲ್ಲಿ ಕೂರುತ್ತವೆ. ವಿಮ್‌ನ 'ಕಲರ್‌ಕಾಲಂ' ಹೇಳಿದ ಕಾಲಂಗೇ ಬಣ್ಣ ಬಳಿಯುತ್ತದೆ. ಹಾಗಾಗಿ 31, 39, 47, 55 ಕೊಡಿ. ವಿಎಸ್ ಕೋಡ್‌ನ 'ರೂಲರ್ಸ್' ಅಷ್ಟು ಅಕ್ಷರಗಳ ನಂತರ ಗೆರೆ ಎಳೆಯುತ್ತದೆ. ಅಲ್ಲಿ 30, 38, 46, 54. ಈ ಒಂದರ ವ್ಯತ್ಯಾಸ ಮರೆತರೆ ಗೆರೆಯೇ ದಾರಿ ತಪ್ಪಿಸುತ್ತದೆ. ರಚನೆಗಳ ಮೇಲಿನ ಬಲ ವಿಶ್ಲೇಷಿಸುವ ನಾಸ್ಟ್ರಾನ್‌ನ ಸಣ್ಣ ಫೀಲ್ಡ್ ಶೈಲಿಗೆ ಎಂಟೆಂಟು ಕಾಲಂಗೆ ಒಂದು ಗೆರೆ ಸಾಕು. ಅಲ್ಲಿ ದಶಮಾಂಶ ಬಿಂದುವಿಲ್ಲದ ಸಂಖ್ಯೆ ಪೂರ್ಣಾಂಕವೇ ಆಗಿಬಿಡುವುದರಿಂದ, ಬಿಂದುವಿರುವ ಸಂಖ್ಯೆಗೂ ಇಲ್ಲದ್ದಕ್ಕೂ ಬೇರೆ ಬೇರೆ ಬಣ್ಣ ಕೊಡುವುದು ಒಳ್ಳೆಯದು.

ಪಿಡಿಬಿಯಲ್ಲಿ -100.123 ಎಂಬ ಬೆಲೆ ಎಂಟೂ ಜಾಗಗಳನ್ನು ತುಂಬುತ್ತದೆ. ಆಗ ಅದು ಪಕ್ಕದ ಸಂಖ್ಯೆಗೆ ಅಂಟಿಕೊಂಡಂತೆ ಕಾಣುತ್ತದೆ. ಅದು ತಪ್ಪಲ್ಲ, ನಡುವೆ ಸ್ಪೇಸ್ ತುರುಕಿದರೆ ತಪ್ಪು. ಇಂಥ ಫೈಲುಗಳಲ್ಲಿ ವಿಮ್‌ನ ಇನ್ಸರ್ಟ್ ಮೋಡ್ ಬಿಟ್ಟು ದೊಡ್ಡಕ್ಷರದ ಆರ್ ಒತ್ತಿ ಸಿಗುವ ರಿಪ್ಲೇಸ್ ಮೋಡ್‌ನಲ್ಲಿ ಬರೆದರೆ ಬಲಗಡೆಯದು ಸರಿಯುವುದಿಲ್ಲ. ಉದ್ದ ಸಾಲನ್ನು ಪರದೆಯಲ್ಲಿ ಮಡಚಿ ತೋರಿಸುವ ರ‍್ಯಾಪ್ ಆಫ್ ಇರಲಿ. ಕಾಲಂ ಲೆಕ್ಕದ ಸಾಲುಗಳಲ್ಲಿ ಆಂಗ್‌ಸ್ಟ್ರಾಮ್ ಚಿಹ್ನೆಯಂಥ, ಆಸ್ಕಿ (ಇಂಗ್ಲಿಷ್ ಅಕ್ಷರ, ಅಂಕೆಗಳ ಮೂಲ ಸಂಕೇತಪಟ್ಟಿ) ಅಲ್ಲದ ಅಕ್ಷರ ಬೇಡ: ಪರದೆಯ ಮೇಲೆ ಒಂದೇ ಜಾಗ ಹಿಡಿದರೂ ಯುಟಿಎಫ್-8ರಲ್ಲಿ ಅದು ಒಂದಕ್ಕಿಂತ ಹೆಚ್ಚು ಬೈಟ್.

ಇನ್ನು ಫೈಲ್ ಯಾವುದೆಂದು ಎಡಿಟರ್ ಗುರುತಿಸುವ ಬಗೆ. ಈ ಲೋಕದಲ್ಲಿ ಎಕ್ಸ್‌ಟೆನ್ಷನ್ (ಫೈಲ್ ಹೆಸರಿನಲ್ಲಿ ಬಿಂದುವಿನ ನಂತರದ ತುಂಡು) ನಂಬುವಂತಿಲ್ಲ. ವಾಸ್ಪ್ ಇನ್‌ಪುಟ್ ಫೈಲುಗಳಿಗೆ ಅದು ಇಲ್ಲವೇ ಇಲ್ಲ. ಐಎನ್‌ಪಿ ಎಂಬುದನ್ನು ಅಬಾಕಸ್, ಸಿಪಿ2ಕೆ, ಓರ್ಕಾ ಎಂಬ ಸಿಮ್ಯುಲೇಷನ್ ಪ್ರೋಗ್ರಾಂಗಳೆಲ್ಲವೂ ಹಂಚಿಕೊಂಡಿವೆ. ಅಂಥ ಫೈಲಿನ ಮೊದಲ ಸಾಲು * ಗುರುತಿನಿಂದ ಶುರುವಾದರೆ ವಿಮ್ ಅದನ್ನು ಅಬಾಕಸ್ ಎನ್ನುತ್ತದೆ. ಐಎನ್ ಎಂದು ಮುಗಿಯುವ ಹೆಸರಿನಲ್ಲಿ ಅದು ಕೊನೆಯ ತುಂಡನ್ನು ಕಳಚಿ, ಉಳಿದ ಹೆಸರನ್ನು ನೋಡಿ ನಿರ್ಧರಿಸುತ್ತದೆ. ಹೀಗಾಗಿ 'ವಾಟರ್.ಎಂಡಿ.ಐಎನ್' ಎಂದು ಮಾಲಿಕ್ಯುಲರ್ ಡೈನಮಿಕ್ಸ್ ಫೈಲಿಗೆ ಹೆಸರಿಟ್ಟರೆ ಅದು ಮಾರ್ಕ್‌ಡೌನ್ (ಎಂಡಿ ಎಂದು ಮುಗಿಯುವ ದಾಖಲೆಗಳ ಶೈಲಿ) ಬಣ್ಣ ತೊಟ್ಟು ಬರುತ್ತದೆ! ನಿಮ್ಮ ನಿಯಮಗಳನ್ನು ಹೋಂ ಫೋಲ್ಡರಿನ ವಿಮ್ ಡೈರೆಕ್ಟರಿಯೊಳಗೆ 'ಎಫ್‌ಟಿಡಿಟೆಕ್ಟ್' ಫೋಲ್ಡರಿನಲ್ಲಿಡಿ. ಅಲ್ಲಿ 'ಸೆಟ್‌ಫೈಲ್‌ಟೈಪ್' ಎಂಬ ಒಂದೇ ಪದದ ಕಮಾಂಡ್ ಮೊದಲೇ ಗುರುತಾದದ್ದನ್ನು ಬದಲಿಸುವುದಿಲ್ಲ; 'ಸೆಟ್ ಫೈಲ್‌ಟೈಪ್=' ಎಂದು ಬಿಡಿಸಿ ಬರೆದರೆ ಬದಲಿಸುತ್ತದೆ. ವಿಎಸ್ ಕೋಡ್‌ನಲ್ಲಿ ಇದೇ ಕೆಲಸಕ್ಕೆ 'ಫೈಲ್ಸ್ ಅಸೋಸಿಯೇಷನ್ಸ್' ಇದೆ. ದ್ರವಗಳ ಹರಿವು ಲೆಕ್ಕ ಹಾಕುವ ಓಪನ್‌ಫೋಮ್‌ನ ಡಿಕ್ಷನರಿಗಳನ್ನು (ಅದರ ಇನ್‌ಪುಟ್ ಫೈಲುಗಳನ್ನು) ಸಿ++ ಎಂದು ಕರೆದರೂ ಸಾಕಷ್ಟು ನಡೆಯುತ್ತದೆ: ಆವರಣ, ಸೆಮಿಕೋಲನ್, ಕಾಮೆಂಟ್ ಎಲ್ಲವೂ ಅದೇ ಬಗೆ.

ಪದಗಳ ಬಗೆಗೆ ತಕ್ಕಂತೆ ಬರುವ ಸಿಂಟ್ಯಾಕ್ಸ್ ಬಣ್ಣವೇ ಈ ಹೊಂದಿಕೆಯ ತಿರುಳು. ಸಿಗುವ ಎಷ್ಟೋ ಸಿಂಟ್ಯಾಕ್ಸ್ ಫೈಲುಗಳು = ಗುರುತಿನ ಎಡಗಡೆ ಇರುವುದೆಲ್ಲಕ್ಕೂ ಬಣ್ಣ ಬಳಿಯುತ್ತವೆ. ಅದು ಅಂದಕ್ಕಷ್ಟೇ, ತಪ್ಪು ಕಾಗುಣಿತವೂ ಸರಿಯಾದದ್ದರಷ್ಟೇ ಮಿನುಗುತ್ತದೆ. ಮ್ಯಾನ್ಯುಯಲ್‌ನಲ್ಲಿರುವ ಹೆಸರುಗಳಿಗೆ ಮಾತ್ರ ಬಣ್ಣ ಸಿಗಬೇಕು, ಆಗ ಬಣ್ಣ ಬರದ ಪದವೇ ಅನುಮಾನದ ಪದ. ವಿಮ್‌ನಲ್ಲಿ ಇದಕ್ಕೆ 'ಸಿಂಟ್ಯಾಕ್ಸ್ ಕೀವರ್ಡ್' ಬಳಸಿ. ಅಕ್ಷರದ ಗಾತ್ರ ಲೆಕ್ಕಿಸದ ಪ್ರೋಗ್ರಾಂ ಆದರೆ ಮೇಲೆ 'ಸಿಂಟ್ಯಾಕ್ಸ್ ಕೇಸ್ ಇಗ್ನೋರ್' ಸೇರಿಸಿ. ಅಣುಗಳ ಚಲನೆ ಲೆಕ್ಕ ಹಾಕುವ ಗ್ರೊಮ್ಯಾಕ್ಸ್‌ನ ಎಂಡಿಪಿ ಫೈಲಿನಲ್ಲಿ ಹೆಸರುಗಳ ನಡುವೆ ಹೈಫನ್ ಬಂದರೂ ಅಂಡರ್‌ಸ್ಕೋರ್ ಬಂದರೂ ಒಂದೇ. ಎರಡು ರೂಪಗಳನ್ನೂ ಪಟ್ಟಿಗೆ ಹಾಕಬೇಕು, ಹೈಫನ್‌ಅನ್ನು 'ಈಸ್‌ಕೀವರ್ಡ್'ಗೆ ಸೇರಿಸಬೇಕು. ಇಲ್ಲದಿದ್ದರೆ ವಿಮ್ ಹೈಫನ್ ಬಳಿಯೇ ಪದವನ್ನು ತುಂಡರಿಸುತ್ತದೆ, ಪಟ್ಟಿಯಲ್ಲಿದ್ದರೂ ಹೆಸರು ಹೊಂದುವುದಿಲ್ಲ. ಎಲೆಕ್ಟ್ರಾನ್ ರಚನೆಯ ಇನ್ನೊಂದು ಪ್ರೋಗ್ರಾಂ ಕ್ವಾಂಟಮ್ ಎಸ್ಪ್ರೆಸ್ಸೊಗೆ ಬರೆಯುವಾಗ ಪ್ರತಿ ನೇಮ್‌ಲಿಸ್ಟ್‌ಅನ್ನೂ (ಹೆಸರು-ಬೆಲೆ ಜೋಡಿಗಳ ಗುಂಪನ್ನೂ) ಒಂದು ಪ್ರದೇಶವಾಗಿ ಗುರುತಿಸಿ, & ಇಂದ ಒಂಟಿ / ತನಕ, ಅದರದೇ ಹೆಸರುಗಳು ಅದರೊಳಗೆ ಮಾತ್ರ ಬಣ್ಣ ಪಡೆಯುವಂತೆ ಮಾಡಿ. 'ಕಂಟ್ರೋಲ್'ನ ಹೆಸರು 'ಸಿಸ್ಟಮ್'ನೊಳಗೆ ಬಿದ್ದರೆ ಕೂಡಲೇ ಕಾಣುತ್ತದೆ. ಸಂಖ್ಯೆಯ ನಮೂನೆಯಲ್ಲಿ ಘಾತಕ್ಕೆ ಇ ಬದಲು ಡಿ ಬಳಸುವ ಫೋರ್ಟ್ರಾನ್ ಶೈಲಿಯನ್ನು ಬಿಡಬೇಡಿ. ಲ್ಯಾಂಪ್ಸ್ ಎಂಬ ಅಣುಚಲನೆಯ ಪ್ರೋಗ್ರಾಂ ಬಳಸುವವರಿಗೆ ಅರ್ಧ ಕೆಲಸ ಮುಗಿದೇ ಇದೆ: ಅದರ ಸೋರ್ಸ್‌ನ 'ಟೂಲ್ಸ್' ಫೋಲ್ಡರಿನಲ್ಲೇ ವಿಮ್‌ಗೂ ಈಮ್ಯಾಕ್ಸ್‌ಗೂ ಸಿಂಟ್ಯಾಕ್ಸ್ ಫೈಲುಗಳಿವೆ.

ಕಣ್ಣಿಗೆ ಕಾಣದ ಅಕ್ಷರಗಳ ಕಾಟ ಬೇರೆ. ಸಾಲಿನ ಕೊನೆಯ ಕಂಟ್ರೋಲ್-ಎಂ (ವಿಂಡೋಸ್ ಶೈಲಿಯ ಫೈಲುಗಳಲ್ಲಿ ಸಾಲು ಮುಗಿಯುವಲ್ಲಿ ಬರುವ ಹೆಚ್ಚುವರಿ ಅಕ್ಷರ) ಮತ್ತು ವರ್ಡ್ ಪ್ರೊಸೆಸರ್ ಅಥವಾ ಪಿಡಿಎಫ್‌ನಿಂದ ನಕಲಿಸಿದ ಬಾಗಿದ ಉದ್ಧರಣ ಚಿಹ್ನೆ, ಇವೆರಡೂ ಕ್ವಾಂಟಮ್ ಎಸ್ಪ್ರೆಸ್ಸೊದಲ್ಲಿ ನೇಮ್‌ಲಿಸ್ಟ್ ಓದುವಾಗಿನ ದೋಷಕ್ಕೆ ಕಾರಣವಾಗಬಹುದು. ಯಾವ ಸಾಲಿನಲ್ಲಿ ಎಂಬುದು ಎಲ್ಲ ಸಲವೂ ಖಚಿತವಾಗಿ ತಿಳಿಯುವುದಿಲ್ಲ. ಫೈಲಿನ ಎಲ್ಲ ಸಾಲುಗಳೂ ವಿಂಡೋಸ್ ಶೈಲಿಯಲ್ಲಿ ಮುಗಿದಿದ್ದರೆ ವಿಮ್ ಕಂಟ್ರೋಲ್-ಎಂ ತೋರಿಸುವುದೇ ಇಲ್ಲ, ಕೆಲವು ಸಾಲು ಮಾತ್ರ ಹಾಗಿದ್ದರೆ ತೋರಿಸುತ್ತದೆ. ಪೂರ್ತಿ ಕೆಟ್ಟದ್ದೇ ಚೊಕ್ಕವಾಗಿ ಕಾಣುವ ವಿಚಿತ್ರ ಇದು. ಆದ್ದರಿಂದ 'ಫೈಲ್‌ಫಾರ್ಮ್ಯಾಟ್' ಬೆಲೆ ಸ್ಟೇಟಸ್ ಲೈನಿನಲ್ಲಿ ಸದಾ ಕಾಣಲಿ, 'ಡಾಸ್' ಎಂದಿದ್ದರೆ 'ಯುನಿಕ್ಸ್' ಮಾಡಿ ಸೇವ್ ಮಾಡಿ. 'ಲಿಸ್ಟ್' ಆನ್ ಮಾಡಿ 'ಲಿಸ್ಟ್‌ಚಾರ್ಸ್'ನಲ್ಲಿ ಟ್ಯಾಬ್‌ಗೂ ಸಾಲಿನ ಕೊನೆಯ ಸ್ಪೇಸ್‌ಗೂ ಗುರುತು ಕೊಡಿ. ಆಸ್ಕಿ ಅಲ್ಲದ ಪ್ರತಿ ಅಕ್ಷರಕ್ಕೂ ಕೆಂಪು ಹಿನ್ನೆಲೆ ಬರುವಂತೆ ಒಂದು 'ಮ್ಯಾಚ್' ಸಾಲು ಸೇರಿಸಿ.

ಸಾಲು ಸಾಲಾಗಿ ಸಂಖ್ಯೆ ಏರಿಸುವಾಗ ವಿಮ್‌ನ ಕಂಟ್ರೋಲ್-ಎ ಅನುಕೂಲ. ಆದರೆ 'ಎನ್‌ಆರ್‌ಫಾರ್ಮ್ಯಾಟ್ಸ್'ನಲ್ಲಿ ಆಕ್ಟಲ್ (ಎಂಟರ ಆಧಾರದ ಎಣಿಕೆ) ಉಳಿದಿದ್ದರೆ 007ರ ನಂತರ 010 ಬರುತ್ತದೆ, ಅದನ್ನು ತೆಗೆದುಹಾಕಿ. 'ರನ್-05' ಎಂಬಲ್ಲಿ ಹೈಫನ್ ಋಣ ಚಿಹ್ನೆಯಾಗಿ ಎಣಿಸಲ್ಪಟ್ಟು 'ರನ್-04' ಆಗುತ್ತದೆ. ಹೆಸರಿಗೆ ಅಂಡರ್‌ಸ್ಕೋರ್ ಬಳಸಿದರೆ ಈ ಗೊಡವೆಯಿಲ್ಲ.

ಹೆಸರು ಸರಿಯಿದ್ದೂ ಬೆಲೆ ತಪ್ಪಿದ್ದರೆ ಬಣ್ಣದಿಂದ ತಿಳಿಯದು, ಪ್ರೋಗ್ರಾಂಅನ್ನೇ ಕೇಳಬೇಕು. ಗ್ರೊಮ್ಯಾಕ್ಸ್‌ನಲ್ಲಿ ಇನ್‌ಪುಟ್ ಓದಿ ಜೋಡಿಸುವ 'ಗ್ರಾಂಪ್' ಕಮಾಂಡ್ ಓಡಿಸುವುದೇ ಪರೀಕ್ಷೆ. ಅದನ್ನು ವಿಮ್‌ನ 'ಮೇಕ್‌ಪಿಆರ್‌ಜಿ' (ವಿಮ್‌ನ ಮೇಕ್ ಕಮಾಂಡ್ ಓಡಿಸುವ ಪ್ರೋಗ್ರಾಂ) ಮಾಡಿಕೊಳ್ಳಿ. ದೋಷದ ಜೊತೆ ಫೈಲಿನ ಹೆಸರನ್ನೂ ಹಲವು ಸಲ ಸಾಲಿನ ಸಂಖ್ಯೆಯನ್ನೂ ಚೌಕ ಆವರಣದೊಳಗೆ ಅದು ಮುದ್ರಿಸುವುದರಿಂದ, 'ಎರರ್‌ಫಾರ್ಮ್ಯಾಟ್' (ದೋಷದ ಸಂದೇಶ ಓದುವ ನಮೂನೆ) ಬರೆದುಕೊಂಡರೆ ಕರ್ಸರ್ ನೇರವಾಗಿ ಆ ಸಾಲಿಗೇ ಹೋಗಿ ನಿಲ್ಲುತ್ತದೆ. ಅಬಾಕಸ್‌ಗೆ 'ಡೇಟಾಚೆಕ್' ಇದೆ. ಲ್ಯಾಂಪ್ಸ್‌ಗೆ 'ಸ್ಕಿಪ್‌ರನ್' ಕೊಟ್ಟರೆ ಸ್ಕ್ರಿಪ್ಟ್ ಪೂರ್ತಿ ಓದಿ, ಸಿಮ್ಯುಲೇಷನ್ ಹೆಜ್ಜೆಗಳನ್ನು ಹಾಕದೆ ಬಿಡುತ್ತದೆ. ಕ್ಯೂಗೆ ಜಾಬ್ ಕಳಿಸುವ ಕೀಲಿಯ ಪಕ್ಕದ ಕೀಲಿಗೇ ಈ ಪರೀಕ್ಷೆಯನ್ನು ಕಟ್ಟಿಕೊಳ್ಳಿ.