ಪ್ರವಾದಿಗಳು ಪೂಜೆ ಬೇಡ ಅಂದರಾ? ಇಲ್ಲ. ಈಗ ತಕ್ಕಡಿ ವಿಷಯಕ್ಕೆ ಬನ್ನಿ

ಪ್ರಶ್ನೆ ಬಹುತೇಕ ಒಂದೇ ರೂಪದಲ್ಲಿ ಬರುತ್ತದೆ. "ಹಳೇ ಹೀಬ್ರೂ ಪ್ರವಾದಿಗಳು ಬಲಿ, ಪೂಜೆ, ಹಬ್ಬ ಏನೂ ಬೇಡ, ಒಳ್ಳೆಯವರಾಗಿದ್ದರೆ ಸಾಕು ಅಂದರಂತೆ, ಅಲ್ವಾ?" ಇಂಥವರಿಗೆ ಉತ್ತರ ಬೇಕಿಲ್ಲ, ರುಜು ಬೇಕು. ದೇವಸ್ಥಾನಕ್ಕೋ ಚರ್ಚಿಗೋ ತಾವು ಹೋಗದಿರುವುದಕ್ಕೆ ಕ್ರಿ.ಪೂ. 8ನೇ ಶತಮಾನದ ಆಮೋಸನೆಂಬ ಕುರಿಗಾರ ಪ್ರವಾದಿಯ ಸಾಕ್ಷಿ ಸಿಕ್ಕರೆ ಒಳ್ಳೆಯದು ಎಂಬ ಲೆಕ್ಕಾಚಾರ. ಇನ್ನು ಕೆಲವರು ಬೇರೆ ದಾರಿಯಲ್ಲಿ ಬರುತ್ತಾರೆ: "ಆಮೋಸ ಅಂದರೆ ಹೀಬ್ರೂಗಳ ಬಸವಣ್ಣ ತಾನೆ?" ಬಸವಣ್ಣ ಇಷ್ಟಲಿಂಗ ಪೂಜೆ ಬಿಟ್ಟಿರಲಿಲ್ಲವಲ್ಲ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಬಾಯಲ್ಲಿ ಹೇಳಿ ಸಾಕಾಗಿದೆ, ಬರೆದೇ ಇಡುತ್ತೇನೆ. ದೇವರ ಮಾತನ್ನು ಜನರಿಗೆ ಸಾರುತ್ತಿದ್ದ ಈ ಪ್ರವಾದಿಗಳು ಪೂಜೆ ಬೇಡ ಎಂದು ಹೇಳಲಿಲ್ಲ. ಪೂಜೆ ಮಾಡುವವರನ್ನು ಬೈದರು, ಮುಖಕ್ಕೆ ಹೊಡೆದಂತೆ ಬೈದರು. ಏಕೆ ಎಂಬುದನ್ನೂ ಪಕ್ಕದಲ್ಲೇ ಹೇಳಿದ್ದಾರೆ. ಉದಾಹರಿಸುವವರು ಆ ಪಕ್ಕದ ಸಾಲು ಓದುವುದಿಲ್ಲ.

ಎಲ್ಲರ ಬಾಯಲ್ಲಿರುವುದು ಬೈಬಲಿನಲ್ಲಿರುವ ಆಮೋಸನ ಗ್ರಂಥದ 5ನೇ ಅಧ್ಯಾಯ, 21ರಿಂದ 24ನೇ ವಚನ. ಅಲ್ಲಿ ಹೀಬ್ರೂಗಳ ದೇವರಾದ ಯೆಹೋವನ ಮಾತಿನ ಸಾರ ಇಷ್ಟು: ನಿಮ್ಮ ಹಬ್ಬಗಳೆಂದರೆ ನನಗೆ ಹೇಸಿಗೆ, ಸರ್ವಾಂಗಹೋಮ ಒಲ್ಲೆ, ಧಾನ್ಯನೈವೇದ್ಯ ಒಲ್ಲೆ, ಕೊಬ್ಬಿದ ಪಶುಗಳ ಸಮಾಧಾನಯಜ್ಞದತ್ತ ಕಣ್ಣೆತ್ತಿಯೂ ನೋಡೆ, ಹಾಡಿನ ಗದ್ದಲ ಸಾಕು, ನ್ಯಾಯ ನೀರಿನಂತೆ ಹರಿಯಲಿ, ಧರ್ಮ ಬತ್ತದ ತೊರೆಯಂತೆ ಹರಿಯಲಿ. ಆಮೋಸನ ಊರು ತೆಕೋವ, ಯೆರೂಸಲೇಮಿನ ದಕ್ಷಿಣಕ್ಕೆ, ಯೂದಾಯದ ಮರುಭೂಮಿಯ ಅಂಚಿನಲ್ಲಿ. ಅಲ್ಲಿನ ಹಳ್ಳಗಳು ಚಳಿಗಾಲದ ಮಳೆಗೆ ಒಮ್ಮೆ ಭೋರ್ಗರೆದು ಬೇಸಿಗೆಯಲ್ಲಿ ಬರೀ ಕಲ್ಲಾಗುತ್ತವೆ. ಹಬ್ಬಕ್ಕೊಮ್ಮೆ ಉಕ್ಕಿ ಆಮೇಲೆ ಒಣಗುವ ಧರ್ಮ ಹೇಗಿರುತ್ತದೆಂದು ಆ ನೆಲದಲ್ಲಿ ಕುರಿ ಕಾಯುವವನಿಗೆ ಯಾರೂ ವಿವರಿಸಬೇಕಿರಲಿಲ್ಲ.

ಇಷ್ಟನ್ನೇ ಕತ್ತರಿಸಿ ಪೋಸ್ಟರ್ ಮಾಡಿದರೆ ಪ್ರಶ್ನೆ ಕೇಳುವವರ ವಾದ ಗೆದ್ದಂತೆ ಕಾಣುತ್ತದೆ. ಈಗ ಇನ್ನೊಬ್ಬ ಪ್ರವಾದಿ ಯೆಶಾಯನ ಮೊದಲ ಅಧ್ಯಾಯ ತೆಗೆಯಿರಿ, 11ರಿಂದ 17. ಟಗರುಗಳ ಹೋಮ ಸಾಕಾಯಿತು, ಕೊಬ್ಬು ಸಾಕಾಯಿತು, ಹೋರಿ ಕುರಿ ಹೋತಗಳ ರಕ್ತ ಬೇಡ, ಧೂಪ ಅಸಹ್ಯ, ಅಮಾವಾಸ್ಯೆಯ ಹಬ್ಬ ಬೇಡ, ವಾರದ ವಿಶ್ರಾಂತಿ ದಿನವಾದ ಸಬ್ಬತ್ ಬೇಡ. ಅದೇ ಉಸಿರಿನಲ್ಲಿ, ನೀವು ಎಷ್ಟು ಪ್ರಾರ್ಥಿಸಿದರೂ ಕೇಳುವುದಿಲ್ಲ. ಬಲಿ ರದ್ದಾಯಿತು ಎನ್ನುವವರು ಪ್ರಾರ್ಥನೆಯೂ ರದ್ದಾಯಿತು ಎನ್ನಬೇಕು. ಯಾರೂ ಅನ್ನುವುದಿಲ್ಲ. ಕಾರಣ ಮುಂದಿನ ಮಾತಲ್ಲೇ ಇದೆ: ನಿಮ್ಮ ಕೈ ರಕ್ತದಿಂದ ತುಂಬಿದೆ. ಆ ರಕ್ತ ಹೋರಿಯದ್ದಲ್ಲ. ಪ್ರಾಣಿಬಲಿ ನಿಷೇಧದ ಚರ್ಚೆಗೆ ಯೆಶಾಯನನ್ನು ಎಳೆದು ತರುವವರು ಇದನ್ನು ಗಮನಿಸಲಿ. ಪಶುವಿನ ಮೇಲಿನ ಕರುಣೆ ಆ ಅಧ್ಯಾಯದ ವಿಷಯವೇ ಅಲ್ಲ. ತೊಳೆದುಕೊಳ್ಳಿ ಎಂದ ಮೇಲೆ ಅವನು ಹೇಳುವ ಕೆಲಸಗಳು ದಬ್ಬಾಳಿಕೆ ತಡೆಯುವುದು, ಅನಾಥನಿಗೆ ನ್ಯಾಯ ಕೊಡಿಸುವುದು, ವಿಧವೆಯ ಪರ ವಾದಿಸುವುದು. ಮೂರೂ ನ್ಯಾಯಸ್ಥಾನದ ಕೆಲಸ.

ಬೈಗುಳ ಎಲ್ಲಿ ನಾಟಿತೆಂದು ತಿಳಿಯಬೇಕಾದರೆ ಬಲಿ ನಡೆಯುತ್ತಿದ್ದ ಕ್ರಮ ಗೊತ್ತಿರಬೇಕು. ಬೈಬಲಿನ ಯಾಜಕಕಾಂಡ, ಅಂದರೆ ಯಾಜಕರ (ಪೂಜಾರಿಗಳ) ವಿಧಿಗಳ ಗ್ರಂಥ, ಅದನ್ನು ಅಡುಗೆ ವಿಧಾನದಷ್ಟು ವಿವರವಾಗಿ ಹೇಳುತ್ತದೆ. ಸರ್ವಾಂಗಹೋಮಕ್ಕೆ ಊನವಿಲ್ಲದ ಗಂಡು ಪಶು ಆಗಬೇಕು. ಕೊಡುವವನು ಅದರ ತಲೆಯ ಮೇಲೆ ತನ್ನ ಕೈಯಿಟ್ಟು ವಧಿಸಬೇಕು. ಯಾಜಕರು ರಕ್ತವನ್ನು ಯಜ್ಞವೇದಿಯ ಸುತ್ತ ಎರಚಬೇಕು. ಚರ್ಮ ಸುಲಿದು, ತುಂಡು ಮಾಡಿ, ಕರುಳು ಕಾಲುಗಳನ್ನು ನೀರಲ್ಲಿ ತೊಳೆದು ಎಲ್ಲವನ್ನೂ ಸುಡಬೇಕು. ಚರ್ಮ ಮಾತ್ರ ಯಾಜಕನಿಗೆ. ಸಮಾಧಾನಯಜ್ಞದ ರೀತಿ ಬೇರೆ. ಅದರಲ್ಲಿ ಕೊಬ್ಬು, ಎರಡು ಮೂತ್ರಪಿಂಡ, ಯಕೃತ್ತಿನ ಒಂದು ಭಾಗ ಮಾತ್ರ ಬೆಂಕಿಗೆ; ಎದೆ, ಬಲತೊಡೆ ಯಾಜಕರಿಗೆ; ಮಿಕ್ಕದ್ದು ಕೊಟ್ಟವನ ಮನೆಯವರಿಗೆ. ಕೃತಜ್ಞತೆಯ ಬಲಿಯಾದರೆ ಅದೇ ದಿನ ತಿಂದು ಮುಗಿಸಬೇಕು. ಹರಕೆಯದಾದರೆ ಮರುದಿನಕ್ಕೂ ಉಳಿಸಬಹುದು, ಮೂರನೇ ದಿನಕ್ಕೆ ಉಳಿದದ್ದನ್ನು ಸುಡಬೇಕು. ಒಂದಿಡೀ ಹೋರಿಯನ್ನು ಒಂದೆರಡು ದಿನದಲ್ಲಿ ಮುಗಿಸುವುದೆಂದರೆ ನೆಂಟರಿಷ್ಟರೆಲ್ಲ ಸೇರುವ ಔತಣವೇ. ಆಮೋಸ ಹೋಗಿ ಬೈದದ್ದು ಉತ್ತರದ ಇಸ್ರಾಯೇಲ್ ರಾಜ್ಯದಲ್ಲಿ. ಅಲ್ಲಿನ ಪೂಜಾಸ್ಥಳಗಳಾದ ಬೇತೇಲ್, ಗಿಲ್ಗಾಲ್‌ಗಳಲ್ಲಿ ಉಳ್ಳವರು ಹೀಗೆ ಉಣ್ಣುತ್ತಿದ್ದರು, ಕುಡಿಯುತ್ತಿದ್ದರು, ವೇದಿಯ ಪಕ್ಕದಲ್ಲೇ ಒರಗುತ್ತಿದ್ದರು.

ಒರಗಿದ್ದು ಯಾವುದರ ಮೇಲೆ? ಆಮೋಸ 2:8 ಹೇಳುತ್ತದೆ: ಒತ್ತೆ ಇಟ್ಟುಕೊಂಡ ಬಟ್ಟೆಯ ಮೇಲೆ. ಕುಡಿದದ್ದು ದಂಡ ತೆತ್ತವರ ದ್ರಾಕ್ಷಾರಸ.

ಈ ಬಟ್ಟೆಯ ವಿಷಯವನ್ನು ಯಾರೂ ಕೇಳುವುದಿಲ್ಲ, ನಾನಾಗಿಯೇ ಹೇಳಬೇಕು. ಬಡವನಿಗೆ ಹಗಲಿನ ಹೊದಿಕೆಯೇ ರಾತ್ರಿಯ ಕಂಬಳಿ. ಸಾಲಕ್ಕೆ ಅದನ್ನು ಒತ್ತೆ ಇಟ್ಟುಕೊಂಡರೆ ಹೊತ್ತು ಮುಳುಗುವುದರೊಳಗೆ ಹಿಂದಿರುಗಿಸಬೇಕು, ಅವನು ಇನ್ನೇನು ಹೊದ್ದು ಮಲಗುತ್ತಾನೆ ಎಂದು ಬೈಬಲಿನದೇ ವಿಮೋಚನಕಾಂಡದ 22ನೇ ಅಧ್ಯಾಯ ಕೇಳುತ್ತದೆ. ವಿಧವೆಯ ಬಟ್ಟೆಯನ್ನಂತೂ ಒತ್ತೆ ತೆಗೆದುಕೊಳ್ಳಲೇಬಾರದು ಎಂದು ಧರ್ಮೋಪದೇಶಕಾಂಡ 24ರಲ್ಲಿದೆ. ಇದು ಬರೀ ಗ್ರಂಥದ ಮಾತಲ್ಲ. 1960ರಲ್ಲಿ ಇಸ್ರೇಲಿನ ಯಾವ್ನೆ-ಯಾಮ್ ಬಳಿಯ ಕರಾವಳಿ ಕೋಟೆಯೊಂದರ ಅಗೆತದಲ್ಲಿ ಮಸಿಯಲ್ಲಿ ಬರೆದ ಮಡಕೆ ಚೂರು ಸಿಕ್ಕಿತು. ಅದರಲ್ಲಿರುವುದು ಕ್ರಿ.ಪೂ. 7ನೇ ಶತಮಾನದ ಕೊನೆಯ ಭಾಗದ ಒಂದು ಅರ್ಜಿ. ಕೊಯ್ಲಿನ ಆಳೊಬ್ಬ ಅಧಿಕಾರಿಗೆ ಬರೆಸಿದ್ದು: ನಾನು ಕೊಯ್ದು ಅಳೆದು ತುಂಬಿದ್ದೇನೆ, ಆದರೂ ಶೋಬಯನ ಮಗ ಹೋಷಯಾಹು ಬಂದು ನನ್ನ ಬಟ್ಟೆ ಎತ್ತಿಕೊಂಡು ಹೋದ, ಬಿಸಿಲಲ್ಲಿ ನನ್ನ ಜೊತೆ ಕೊಯ್ದವರೆಲ್ಲ ಸಾಕ್ಷಿ ಹೇಳುತ್ತಾರೆ, ತಪ್ಪು ನನ್ನದಲ್ಲ, ಬಟ್ಟೆ ಕೊಡಿಸಿ. ಆಮೋಸನಿಗೂ ಇವನಿಗೂ ನಡುವೆ ಒಂದು ಶತಮಾನಕ್ಕೂ ಹೆಚ್ಚು ಅಂತರ, ರಾಜ್ಯವೂ ಬೇರೆ. ದೂರು ಬಟ್ಟೆಯದ್ದೇ.

ಹಾಗಾಗಿ "ಪೂಜೆ ಬೇಕಾ ಬೇಡವಾ" ಎಂದು ಕೇಳುವ ಬದಲು "ಆ ಹೋರಿ ಕೊಳ್ಳಲು ದುಡ್ಡು ಎಲ್ಲಿಂದ ಬಂತು" ಎಂದು ಯಾರಾದರೂ ಕೇಳಿದ್ದರೆ ಚೆನ್ನಾಗಿತ್ತು. ಕೇಳಿದ್ದೀರಿ ಎಂದೇ ಇಟ್ಟುಕೊಳ್ಳುತ್ತೇನೆ.

ಆಮೋಸ 8:5ರಲ್ಲಿ ವ್ಯಾಪಾರಿಗಳು ಮಾತಾಡುತ್ತಾರೆ: ಅಮಾವಾಸ್ಯೆ ಯಾವಾಗ ಮುಗಿಯುತ್ತದೆ, ಧಾನ್ಯ ಮಾರೋಣ, ಸಬ್ಬತ್ ಯಾವಾಗ ಕಳೆಯುತ್ತದೆ, ಗೋದಿ ತೆಗೆಯೋಣ, ಏಫಾ ಕಿರಿದು ಮಾಡಿ, ಶೆಕೆಲ್ ಹಿರಿದು ಮಾಡಿ, ಮೋಸದ ತಕ್ಕಡಿ ಹಿಡಿಯೋಣ. ಇವರು ಹಬ್ಬ ಮುರಿದವರಲ್ಲ. ಅಂಗಡಿ ಮುಚ್ಚಿದ್ದಾರೆ, ಸಬ್ಬತ್ ಆಚರಿಸುತ್ತಿದ್ದಾರೆ, ಆಚಾರದಲ್ಲಿ ಎಳ್ಳಷ್ಟೂ ಲೋಪವಿಲ್ಲ.

ಮೋಸ ನಡೆಯುತ್ತಿದ್ದದ್ದು ಹೀಗೆ. ಏಫಾ ಧಾನ್ಯ ಅಳೆಯುವ ಪಾತ್ರೆ. ಸಾಮಾನ್ಯ ಅಂದಾಜು 22 ಲೀಟರ್. ನಾಣ್ಯ ಇನ್ನೂ ಬಂದಿರಲಿಲ್ಲ, ಕೊಳ್ಳುವವನು ಬೆಳ್ಳಿ ಚೂರುಗಳನ್ನು ತೂಗಿ ಕೊಡಬೇಕು. ಆ ತೂಕಕ್ಕೆ ಶೆಕೆಲ್ ಕಲ್ಲು. ಯೂದಾಯದ ಅಗೆತಗಳಲ್ಲಿ ಸಿಕ್ಕ ಗುಮ್ಮಟದಾಕಾರದ ಸುಣ್ಣಕಲ್ಲಿನ ತೂಕಗಳ ಪ್ರಕಾರ ಒಂದು ಶೆಕೆಲ್ ಸುಮಾರು 11.3 ಗ್ರಾಂ. ಪಾತ್ರೆಯೂ ವ್ಯಾಪಾರಿಯದೇ, ಕಲ್ಲೂ ಅವನದೇ. ಪಾತ್ರೆಯನ್ನು ಹತ್ತನೇ ಒಂದು ಪಾಲು ಕಿರಿದು ಮಾಡಿ, ಕಲ್ಲನ್ನು ಹತ್ತನೇ ಒಂದು ಪಾಲು ಭಾರ ಮಾಡಿದ ಎಂದುಕೊಳ್ಳಿ. ಕೊಳ್ಳುವವನು 1.1 ಪಾಲು ಬೆಳ್ಳಿ ಕೊಟ್ಟು 0.9 ಪಾಲು ಗೋದಿ ಒಯ್ಯುತ್ತಾನೆ. ಬೆಲೆ ನೂರಕ್ಕೆ 22ರಷ್ಟು ಏರಿತು, ಬಾಯಲ್ಲಿ ಹೇಳಿದ ದರ ಮಾತ್ರ ಹಾಗೇ ಇದೆ. ಒಂದು ಮೋಸ ಅಳತೆಯಲ್ಲಿ, ಇನ್ನೊಂದು ತೂಕದಲ್ಲಿ, ಎರಡೂ ಅಲ್ಪಸ್ವಲ್ಪ, ಕಣ್ಣಿಗೆ ಬೀಳುವುದಿಲ್ಲ. ಅದರ ಮೇಲೆ ಮುಂದಿನ ಸಾಲಿನಲ್ಲಿ ಬರುವ ಹೊಟ್ಟು, ಕಸ. ಹಳೇ ಧಾನ್ಯ ತೀರಿ ಹೊಸ ಬೆಳೆ ಕೈಗೆ ಬರುವ ಮುಂಚೆ ಹೀಗೆ ಕೊಳ್ಳಬೇಕಾದವನು ಸಾಲ ಮಾಡುತ್ತಾನೆ, ಬಟ್ಟೆ ಒತ್ತೆ ಇಡುತ್ತಾನೆ, ತೀರಿಸಲಾಗದೆ ತಾನೇ ಆಳಾಗುತ್ತಾನೆ. ಒಂದು ಜೊತೆ ಕೆರಕ್ಕೆ ಬಡವನನ್ನು ಮಾರಿಕೊಂಡರು ಎಂದು ಆಮೋಸ ಸಿಟ್ಟಾಗುವುದು ಈ ಸರಪಳಿಯ ಕೊನೆಯ ಕೊಂಡಿ ನೋಡಿ.

ಪ್ರವಾದಿ ಮೀಕನಿಗೂ ಜನ ಇದೇ ಗತಿ ಮಾಡಿದ್ದಾರೆ. ನ್ಯಾಯ ನಡೆಸು, ಕರುಣೆಯಲ್ಲಿ ಆಸಕ್ತನಾಗಿರು, ದೇವರ ಮುಂದೆ ನಮ್ರನಾಗಿ ನಡೆ ಎಂಬ 6:8 ಗೋಡೆ ಗೋಡೆಯ ಮೇಲಿದೆ. ಎರಡೇ ವಚನ ದಾಟಿದರೆ 10, 11ರಲ್ಲಿ ಕೊರತೆಯ ಏಫಾ, ಮೋಸದ ತಕ್ಕಡಿ, ಚೀಲದ ತುಂಬ ಸುಳ್ಳು ಕಲ್ಲುಗಳು. ಅದನ್ನು ಯಾರೂ ಚೌಕಟ್ಟು ಹಾಕಿಸಿಲ್ಲ. ನಮ್ರತೆ ಗೋಡೆಗೆ ಚೆನ್ನಾಗಿ ಕಾಣುತ್ತದೆ, ಸುಳ್ಳು ತೂಕ ಅಂಗಡಿಯ ಗೋಡೆಗೆ ಹೊಂದುವುದಿಲ್ಲ. ಇನ್ನೊಬ್ಬ ಪ್ರವಾದಿ ಹೋಶೇಯ ಯಾಜಕರ ಕಡೆ ತಿರುಗುತ್ತಾನೆ: ನನ್ನ ಜನರ ಪಾಪವನ್ನೇ ಇವರು ತಿನ್ನುತ್ತಾರೆ (4:8). ದೋಷಪರಿಹಾರಕ ಯಜ್ಞದ ಮಾಂಸ ಸಾಮಾನ್ಯವಾಗಿ ಅದನ್ನು ನಡೆಸಿದ ಯಾಜಕನ ಪಾಲು ಎಂಬುದು ನೆನಪಿದ್ದರೆ ಈ ಕುಟುಕು ಅರ್ಥವಾಗುತ್ತದೆ. ಜನ ಹೆಚ್ಚು ತಪ್ಪು ಮಾಡಿದಷ್ಟೂ ಅವನ ಒಲೆಯ ಮೇಲೆ ಹೆಚ್ಚು ಮಾಂಸ.

"ಸರಿ, ಪ್ರವಾದಿಗಳು ನೀತಿಯ ಕಡೆ, ಯಾಜಕರ ಗ್ರಂಥ ಆಚಾರದ ಕಡೆ" ಎಂದು ಈಗ ಒಬ್ಬರು ಗಂಟಲು ಸರಿಮಾಡಿಕೊಳ್ಳುತ್ತಾರೆ. ಈ ಗೆರೆಗೆ 19ನೇ ಶತಮಾನದಲ್ಲಿ ಪಾಂಡಿತ್ಯದ ಗಟ್ಟಿ ರೂಪ ಕೊಟ್ಟವನು ಜರ್ಮನಿಯ ಯೂಲಿಯಸ್ ವೆಲ್‌ಹಾಸನ್. ಪ್ರವಾದಿಗಳು ಮೊದಲು, ಯಾಜಕರ ವಿಧಿಗಳು ಆಮೇಲೆ, ಜೀವಂತ ಧರ್ಮ ಒಣಗಿ ಆಚಾರವಾಯಿತು ಎಂಬುದು 1878ರಿಂದ ಅವನು ಮಂಡಿಸಿದ ಚಿತ್ರ. ಪೂಜಾವಿಧಿಯೆಂದರೆ ಮೂಗು ಮುರಿಯುವ ಪ್ರೊಟೆಸ್ಟಂಟ್ ಅಭಿರುಚಿಗೆ ಅದು ಹಿತವಾಗಿತ್ತು. ಕಾಲನಿರ್ಣಯದ ವಾದ ಹಾಗಿರಲಿ, ಯಾಜಕಕಾಂಡವನ್ನೇ ತೆರೆದು ನೋಡಿ. 6ನೇ ಅಧ್ಯಾಯದ ಆರಂಭ: ಒತ್ತೆ ಇಟ್ಟದ್ದನ್ನು ಇಲ್ಲವೆಂದವನು, ಕಿತ್ತುಕೊಂಡವನು, ಸಿಕ್ಕ ವಸ್ತುವಿನ ಬಗ್ಗೆ ಸುಳ್ಳಾಣೆ ಇಟ್ಟವನು ಮೊದಲು ಅಸಲು ಪೂರ್ತಿ ಕೊಡಬೇಕು, ಮೇಲೆ ಐದನೇ ಒಂದು ಪಾಲು ಸೇರಿಸಬೇಕು, ಅದೂ ಯಾರಿಗೆ ಅನ್ಯಾಯವಾಯಿತೋ ಅವರ ಕೈಗೆ. ಪ್ರಾಯಶ್ಚಿತ್ತದ ಟಗರಿನ ಮಾತು ಬರುವುದು ಅದಾದ ಮೇಲೆ. ದೋಷಪರಿಹಾರಕ್ಕೆ ಕುರಿ ತರಲಾಗದವನಿಗೆ ಎರಡು ಪಾರಿವಾಳ ಸಾಕು, ಅದಕ್ಕೂ ಗತಿಯಿಲ್ಲದಿದ್ದರೆ ಏಫಾದ ಹತ್ತನೇ ಒಂದು ಪಾಲು ಹಿಟ್ಟು, ಎಣ್ಣೆ ಧೂಪ ಇಲ್ಲದೆ. 19ನೇ ಅಧ್ಯಾಯದ ಕೊನೆಯಲ್ಲಿ ಸರಿಯಾದ ತಕ್ಕಡಿ, ಸರಿಯಾದ ಕಲ್ಲು, ಸರಿಯಾದ ಏಫಾ.

ಇತ್ತ ಪ್ರವಾದಿಗಳ ಸಾಲಿನಲ್ಲೂ ಗೆರೆ ನಿಲ್ಲುವುದಿಲ್ಲ. ಹಗ್ಗಾಯ ಕ್ರಿ.ಪೂ. 520ರಲ್ಲಿ ಜನರನ್ನು ಬೈದದ್ದು ದೇವಾಲಯ ಕಟ್ಟದೆ ಕೂತಿದ್ದಕ್ಕೆ. ಮಲಾಕಿಯ ಬೈದದ್ದು ಕುರುಡು, ಕುಂಟು, ರೋಗದ ಪಶು ತಂದದ್ದಕ್ಕೆ: ಇದನ್ನು ನಿನ್ನ ಅಧಿಪತಿಗೆ ಕೊಟ್ಟು ನೋಡು, ಒಪ್ಪುತ್ತಾನಾ? ಅದೇ ಮಲಾಕಿಯ 3:5ರಲ್ಲಿ ಕೂಲಿಯಾಳಿನ ಸಂಬಳ ನುಂಗುವವರ ಮೇಲೆ ಹರಿಹಾಯುತ್ತಾನೆ. ಇನ್ನು ಯೆಹೆಜ್ಕೇಲ, ಯಾಜಕನೂ ಹೌದು ಪ್ರವಾದಿಯೂ ಹೌದು. ಅವನ 45ನೇ ಅಧ್ಯಾಯ ಶುರುವಾಗುವುದು ಭೂಮಿ ಹಂಚಿಕೆಯಿಂದ. ಆಮೇಲೆ ಅರಸರೇ, ನನ್ನ ಜನರನ್ನು ಒಕ್ಕಲೆಬ್ಬಿಸುವುದು ಸಾಕು ಎಂಬ ಗದರಿಕೆ. ಹಿಂದೆಯೇ ತಕ್ಕಡಿ: ಧಾನ್ಯದ ಏಫಾ, ದ್ರವದ ಅಳತೆಯಾದ ಬತ್ ಎರಡೂ ಒಂದೇ ಪ್ರಮಾಣ, ಹೋಮೆರ್ ಎಂಬ ದೊಡ್ಡ ಅಳತೆಯ ಹತ್ತನೇ ಒಂದು ಪಾಲು, ಶೆಕೆಲಿಗೆ ಗೇರಾ ಎಂಬ ಸಣ್ಣ ತೂಕ 20. ಅದಾದ ಮರುವಚನವೇ ಕಾಣಿಕೆ: ಗೋದಿಯಲ್ಲಿ ಹೋಮೆರಿಗೆ ಏಫಾದ ಆರನೇ ಒಂದು ಪಾಲು, ಅಂದರೆ 60ಕ್ಕೆ ಒಂದು, ಎಣ್ಣೆಯಲ್ಲಿ 100ಕ್ಕೆ ಒಂದು, ಕುರಿಯಲ್ಲಿ 200ಕ್ಕೆ ಒಂದು. ಏಫಾ ಇಷ್ಟೇ ಎಂದು ಗೊತ್ತುಮಾಡದೆ ಅದರ ಆರನೇ ಪಾಲನ್ನು ಕಾಣಿಕೆ ಕೇಳುವಂತಿಲ್ಲ ಎಂಬುದು ಅವನಿಗೆ ತಿಳಿದಿತ್ತು. ಒಂದೇ ಪಾತ್ರೆ ಅಂಗಡಿಗೂ ಬೇಕು, ವೇದಿಗೂ ಬೇಕು.

ಕೊನೆಗೆ ಪ್ರವಾದಿ ಯೆರೆಮೀಯನ 7:22 ಹಿಡಿದು ಬರುವವರು. ಐಗುಪ್ತದಿಂದ (ಈಜಿಪ್ಟಿನಿಂದ) ನಿಮ್ಮ ಪಿತೃಗಳನ್ನು ಹೊರತಂದ ದಿನ ಹೋಮಯಜ್ಞಗಳ ವಿಷಯ ನಾನು ಮಾತಾಡಲೇ ಇಲ್ಲ ಎಂದು ಅಲ್ಲಿದೆ. ಗಟ್ಟಿ ಸಾಲು, ತೇಲಿಸಿ ಬಿಡುವಂಥದ್ದಲ್ಲ. ಇಡೀ ಹೀಬ್ರೂ ಬೈಬಲಿನಲ್ಲಿ ಪೂಜೆಯ ವಿರುದ್ಧ ಯಾವುದಾದರೂ ವಾದ ನಿಲ್ಲುವುದಾದರೆ ಇದರ ಮೇಲೆ. ಆದರೆ ಹಿಂದಿನ ವಚನ ವ್ಯಂಗ್ಯ: ಪೂರ್ತಿ ಸುಡಬೇಕಾದ ಸರ್ವಾಂಗಹೋಮದ ಮಾಂಸವನ್ನೂ ಸೇರಿಸಿಕೊಂಡು ತಿನ್ನಿ, ನನಗೇನು. ಅಧ್ಯಾಯದ ಆರಂಭದಲ್ಲಿ ಅವನು ನಿಂತಿರುವುದು ಆಲಯದ ಬಾಗಿಲಲ್ಲಿ, ಒಳಗೆ ಹೋಗುವವರನ್ನು ಉದ್ದೇಶಿಸಿ. ಕಳವು, ಕೊಲೆ, ವ್ಯಭಿಚಾರ, ಸುಳ್ಳಾಣೆ, ಬಾಳನೆಂಬ ಅನ್ಯದೇವರಿಗೆ ಧೂಪ, ಇಷ್ಟು ಮಾಡಿ ಇಲ್ಲಿಗೆ ಬಂದು "ನಾವು ಪಾರಾದೆವು" ಎನ್ನುತ್ತೀರಾ, ಇದೇನು ಕಳ್ಳರ ಗವಿಯೇ ಎಂದು ಕೇಳುತ್ತಾನೆ. ಕಳ್ಳ ಕದಿಯುವುದು ಗವಿಯಲ್ಲಿ ಅಲ್ಲ. ಹೊರಗೆ ಕದ್ದು ಗವಿಯಲ್ಲಿ ಅಡಗುತ್ತಾನೆ. ಈ ಭಾಷಣಕ್ಕೆ ಅವನನ್ನು ಕೊಲ್ಲಬೇಕೆಂದು ಯಾಜಕರೂ ಇತರ ಪ್ರವಾದಿಗಳೂ ಹಟ ಹಿಡಿದದ್ದು 26ನೇ ಅಧ್ಯಾಯದಲ್ಲಿದೆ. ಮೀಕನೂ ಹಿಂದೆ ಇಂಥದೇ ಮಾತಾಡಿದ್ದ, ಆಗಿನ ಅರಸ ಹಿಜ್ಕೀಯ ಅವನನ್ನು ಕೊಲ್ಲಿಸಲಿಲ್ಲ ಎಂದು ಹಿರಿಯರು ನೆನಪಿಸಿದರು.

ಅದೇ ಯೆರೆಮೀಯನ ಗ್ರಂಥದ 17:26ರಲ್ಲಿ ಜನ ಸುತ್ತಲಿನ ಊರುಗಳಿಂದ ಸರ್ವಾಂಗಹೋಮ, ಯಜ್ಞ, ಧಾನ್ಯನೈವೇದ್ಯ, ಧೂಪ ಎಲ್ಲ ತೆಗೆದುಕೊಂಡು ಯೆರೂಸಲೇಮಿಗೆ ಬರುತ್ತಾರೆ, ಒಳ್ಳೆಯ ದಿನಗಳ ಗುರುತಾಗಿ. ಅದಕ್ಕೆ ಹಾಕಿದ ಷರತ್ತು, ಸಬ್ಬತ್ ದಿನ ಊರಬಾಗಿಲಿನಿಂದ ಹೊರೆ ತರಬಾರದು. ಆ ಹೊರೆಯಲ್ಲಿ ಏನಿರುತ್ತಿತ್ತು ಎಂಬುದಕ್ಕೆ ನೆಹೆಮೀಯನ 13ನೇ ಅಧ್ಯಾಯದಲ್ಲಿ ಪಟ್ಟಿಯಿದೆ: ಕತ್ತೆಗಳ ಮೇಲೆ ಹೇರಿದ ಧಾನ್ಯ, ದ್ರಾಕ್ಷಾರಸ, ದ್ರಾಕ್ಷಿ, ಅಂಜೂರ. ಎಲ್ಲವೂ ಮಾರಾಟದ ಸರಕು.